ಮಳಿಗೆ ಬಿಚ್ಚುವ ರಾತ್ರಿ

ಸಭಿಕರೆಲ್ಲರಿಗೂ ನಮಸ್ಕಾರ.

ವ್ಯಾಪಾರ ಮೇಳಗಳಲ್ಲಿ ಕಂಪನಿಗಳು ಹಾಕುವ ಮಳಿಗೆಗಳನ್ನು ಪರಿಸರಕ್ಕೆ ಹೊರೆಯಾಗದಂತೆ ರೂಪಿಸುವುದು ಹೇಗೆ ಎಂಬುದು ಇಂದಿನ ವಿಷಯ. ಈ ಕುರಿತ ಮಾತು ಸಾಮಾನ್ಯವಾಗಿ ಬಿದಿರು, ಸೆಣಬು, ಮರುಬಳಕೆಯ ಕಾಗದ ಎಂದು ಸಾಮಗ್ರಿಗಳ ಹೆಸರಿನಿಂದ ಆರಂಭವಾಗುತ್ತದೆ. ನಾನು ಮೇಳ ಮುಗಿದ ಸಂಜೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮಳಿಗೆಯೊಂದು ಮತ್ತೆ ಬಳಕೆಗೆ ಬರುತ್ತದೋ ಕಸವಾಗುತ್ತದೋ ಎಂಬುದು ತೀರ್ಮಾನವಾಗುವುದು ಆ ಕೆಲವು ಗಂಟೆಗಳಲ್ಲಿ.

ಕಟ್ಟಲು ಎರಡು ಮೂರು ದಿನ ಬಿಟ್ಟುಕೊಡುವ ಆಯೋಜಕರು ಬಿಚ್ಚಲು ಕೊಡುವುದು ಹೆಚ್ಚಾಗಿ ಒಂದು ರಾತ್ರಿ, ತಪ್ಪಿದರೆ ಒಂದು ದಿನ. ಸಭಾಂಗಣದ ಬಾಡಿಗೆ ಏರುತ್ತಿರುತ್ತದೆ, ಹೊರಗೆ ಲಾರಿಗಳು ಸಾಲುಗಟ್ಟಿರುತ್ತವೆ, ಮಾರಾಟ ವಿಭಾಗದವರು ಆಗಲೇ ಊರಿಗೆ ಹೊರಟಿರುತ್ತಾರೆ. ಅಂಥದೊಂದು ರಾತ್ರಿ, ನಾನೇ ವಿನ್ಯಾಸ ಮಾಡಿದ್ದ ಸ್ವಾಗತ ಕೌಂಟರನ್ನು ಇಬ್ಬರು ಕೆಲಸಗಾರರು ಸುತ್ತಿಗೆಯಿಂದ ಒಡೆಯುತ್ತಿದ್ದುದನ್ನು ಕಂಡೆ. ಅದು ನಿಂತಿದ್ದುದು ಆರು ಸ್ಕ್ರೂಗಳ ಮೇಲೆ. ಆರನ್ನೂ ತಿರುಗಿಸಿ ತೆಗೆದಿದ್ದರೆ ನಾಲ್ಕು ಹಲಗೆಗಳು ಒಂದು ಗೀರೂ ಇಲ್ಲದೆ ಬೇರೆಯಾಗುತ್ತಿದ್ದವು. ಆದರೆ ಅಂದ ಕೆಡಬಾರದೆಂದು ಆ ಸ್ಕ್ರೂಗಳ ತಲೆಯ ಮೇಲೆ ಪುಟ್ಟಿ ತುಂಬಿಸಿ, ಉಜ್ಜಿಸಿ, ಬಣ್ಣ ಹೊಡೆಸಿದವನು ನಾನೇ. ಅವು ಎಲ್ಲಿವೆಯೆಂದು ಆ ಇಬ್ಬರಿಗೆ ತಿಳಿಯುವ ಉಪಾಯವೇ ಇರಲಿಲ್ಲ. ಗದರಿಸಬೇಕೆಂದು ಹೋದವನು ಬಾಯಿ ಮುಚ್ಚಿಕೊಂಡು ಹಿಂದಿರುಗಿದೆ.

ಅಂದಿನಿಂದ ನನ್ನ ನಕ್ಷೆಗಳು ಹಿಂದುಮುಂದಾಗಿವೆ. ಯಾವ ಭಾಗ ಮೊದಲು ಕಳಚಬೇಕು, ಯಾವ ಸಲಕರಣೆಯಿಂದ, ಎಷ್ಟು ಜನರಿಂದ, ಕಳಚಿದ್ದು ಯಾವ ಪೆಟ್ಟಿಗೆಗೆ ಹೋಗಬೇಕು ಎಂಬುದನ್ನು ಮೊದಲು ಬರೆದು, ಆಮೇಲೆ ಮಳಿಗೆ ಹೇಗೆ ಕಾಣಬೇಕೆಂಬುದಕ್ಕೆ ಬರುತ್ತೇನೆ. ಅಂಟಿನ ಬದಲು ಸ್ಕ್ರೂ ಮತ್ತು ಬೋಲ್ಟು, ಹತ್ತು ಬಗೆಯ ಸ್ಕ್ರೂಗಳ ಬದಲು ಒಂದೇ ಬಗೆಯದು, ಪ್ರತಿ ಪ್ಯಾನೆಲಿನ ಒಳಮೈಯಲ್ಲಿ ಅಳಿಸಿಹೋಗದ ಶಾಯಿಯಲ್ಲಿ ಬರೆದ ಸಂಖ್ಯೆ, ಇವಿಷ್ಟೇ ಆದರೂ ಸುತ್ತಿಗೆಯ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ. ಸ್ಕ್ರೂ ತಲೆ ಕಾಣುವುದು ಕುಂದು ಎಂಬ ಭಾವನೆಯನ್ನು ಮಾತ್ರ ನಾವು ವಿನ್ಯಾಸಕಾರರು ಬಿಡಬೇಕಾಗುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ಪ್ರದರ್ಶನಕ್ಕೆ ಜೋಸೆಫ್ ಪ್ಯಾಕ್ಸ್ಟನ್ ಕಟ್ಟಿಸಿದ ಕ್ರಿಸ್ಟಲ್ ಪ್ಯಾಲೇಸನ್ನು ನೆನೆಯಿರಿ. ಗಿಡಮರಗಳಿಗೆ ಗಾಜಿನ ಮನೆ ಕಟ್ಟಿ ಪಳಗಿದ್ದ ಆ ತೋಟಗಾರ ಗಾಜಿನ ಹಾಳೆಯ ಒಂದೇ ಅಳತೆಯನ್ನು ಹಿಡಿದುಕೊಂಡು, ಅದರ ಲೆಕ್ಕಕ್ಕೆ ಇಡೀ ಕಟ್ಟಡವನ್ನು ಒಗ್ಗಿಸಿದ. ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ ತೊಲೆಗಳು ಸ್ಥಳಕ್ಕೆ ಬಂದು ಜೋಡಣೆಯಾದವು. ಪ್ರದರ್ಶನ ಮುಗಿದ ಮೇಲೆ ಕಟ್ಟಡವನ್ನು ಬಿಚ್ಚಿ ಸಿಡೆನ್‌ಹ್ಯಾಮಿಗೆ ಸಾಗಿಸಿ, ಮೊದಲಿಗಿಂತ ದೊಡ್ಡದಾಗಿ ನಿಲ್ಲಿಸಿದರು. 1854ರಲ್ಲಿ ಮತ್ತೆ ತೆರೆದ ಅದು 1936ರಲ್ಲಿ ಬೆಂಕಿಗೆ ಆಹುತಿಯಾಗುವವರೆಗೂ ಅಲ್ಲಿ ನಿಂತಿತ್ತು. ಮೇಳಗಳ ಚರಿತ್ರೆಯ ಆದಿಯಲ್ಲೇ ಬಿಚ್ಚಿ ಕಟ್ಟುವ ವಿನ್ಯಾಸವಿತ್ತು; ನಾಲ್ಕು ದಿನಕ್ಕೆಂದು ಕಟ್ಟಿ ಐದನೆಯ ದಿನ ಎಸೆಯುವ ಚಾಳಿ ಪ್ಲೈವುಡ್ಡು ಮತ್ತು ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್‌ಗಳು ಅಗ್ಗವಾದ ಕಾಲದ್ದು.

ಈಗ ಸಾಮಗ್ರಿಗಳ ವಿಚಾರ. ಎಂಟಡಿ ಉದ್ದ, ನಾಲ್ಕಡಿ ಅಗಲ, 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ ಹೆಚ್ಚುಕಡಿಮೆ 40 ಕಿಲೋ ತೂಗುತ್ತದೆ. ಮರದ ನಾರು ಮತ್ತು ಅಂಟಿನ ರಾಳ ಒಂದರೊಳಗೊಂದು ಬೆರೆತಿರುವುದರಿಂದ, ಬಣ್ಣವೋ ಲ್ಯಾಮಿನೇಟೋ ಹತ್ತಿದ ಮೇಲೆ ಅದನ್ನು ಮರುಸಂಸ್ಕರಿಸುವುದು ಬಲು ಕಷ್ಟ. ಅಷ್ಟೇ ವಿಸ್ತೀರ್ಣದ ಗೋಡೆಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಮುದ್ರಿತ ಬಟ್ಟೆ ಬಿಗಿದು ಮಾಡಿದರೆ ಹತ್ತು ಕಿಲೋದೊಳಗೆ ಮುಗಿಯುತ್ತದೆ; ಅಂಚಿಗೆ ಸಿಲಿಕೋನ್ ಪಟ್ಟಿ ಹೊಲಿದ ಬಟ್ಟೆಯನ್ನು ಚೌಕಟ್ಟಿನ ಕೊರೆಯೊಳಗೆ ಹೆಬ್ಬೆರಳಿನಿಂದ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ, ಮಡಿಚಿದರೆ ಚೀಲದಲ್ಲಿ ಹಿಡಿಯುತ್ತದೆ.

ಹಾಗೆಂದು ಅಲ್ಯೂಮಿನಿಯಂ ಪುಣ್ಯದ ಲೋಹವೆಂದು ಭಾವಿಸಬೇಡಿ. ಅದಿರಿನಿಂದ ಒಂದು ಕಿಲೋ ಹೊಸ ಅಲ್ಯೂಮಿನಿಯಂ ತೆಗೆಯಲು ವಿದ್ಯುದ್ವಿಭಜನೆಗೇ ಸುಮಾರು 14 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಹಳೆಯದನ್ನು ಕರಗಿಸಿ ಬಳಸಿದರೆ ಹೊಸದಕ್ಕೆ ಹಿಡಿಯುವ ಶಕ್ತಿಯಲ್ಲಿ ಸುಮಾರು ಶೇಕಡಾ 95ರಷ್ಟು ಉಳಿತಾಯವಾಗುತ್ತದೆ. ಆದ್ದರಿಂದ ಹೊಸ ಲೋಹದ ಚೌಕಟ್ಟನ್ನು ಎರಡು ಮೇಳಗಳಲ್ಲಿ ನಿಲ್ಲಿಸಿ ಗುಜರಿಗೆ ಹಾಕುವವರಿಗಿಂತ, ಮರದ ಚೌಕಟ್ಟನ್ನು ಇಪ್ಪತ್ತು ಮೇಳಗಳಲ್ಲಿ ಸುತ್ತಾಡಿಸುವವರು ಮೇಲು ಎಂಬುದು ನನ್ನ ಅಭಿಪ್ರಾಯ. ಬಿದಿರಿಗೂ ಇದೇ ಮಾತು ಸಲ್ಲುತ್ತದೆ. ಒಮ್ಮೆ ನಿಲ್ಲಿಸಿ, ಚಿತ್ರ ತೆಗೆದು, ತಿಪ್ಪೆಗೆ ಹಾಕಿದ ಬಿದಿರಿನ ಮಂಟಪಕ್ಕೂ ಪ್ಲೈವುಡ್ಡಿನ ಮಂಟಪಕ್ಕೂ ನಾವು ಎಣಿಸುವಷ್ಟು ದೂರವಿಲ್ಲ.

ಫ್ಲೆಕ್ಸ್ ಬ್ಯಾನರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಪಿವಿಸಿ, ಅದರೊಳಗಿನ ಕ್ಲೋರಿನ್ ತೆರೆದ ಬೆಂಕಿಯಲ್ಲಿ ಹೈಡ್ರೋಜನ್ ಕ್ಲೋರೈಡ್ ಮತ್ತು ವಿಷಕಾರಿ ಡಯಾಕ್ಸಿನ್‌ಗಳಾಗಿ ಹೊರಬೀಳುತ್ತದೆ. ‘ಇದು ಪರಿಸರಸ್ನೇಹಿ ಮಳಿಗೆ’ ಎಂಬ ಘೋಷಣೆಯನ್ನು ಫ್ಲೆಕ್ಸಿನ ಮೇಲೆಯೇ ಮುದ್ರಿಸಿ ತೂಗುಹಾಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಆದರೆ ಒಳ್ಳೆಯ ಬಟ್ಟೆಯ ಮೇಲೆ ಮುದ್ರಿಸಿದ ಚಿತ್ರವನ್ನೂ ಕಸ ಮಾಡಿಬಿಡುವ ಸಣ್ಣ ಸಂಗತಿಯೊಂದಿದೆ: ಇಸವಿ. ಮೇಳದ ಹೆಸರು, ವರ್ಷ, ಆ ಋತುವಿನ ಘೋಷವಾಕ್ಯ, ಮಳಿಗೆಯ ಸಂಖ್ಯೆ ಇವೆಲ್ಲ ದೊಡ್ಡ ಗೋಡೆಯ ಚಿತ್ರದೊಳಗೆ ಸೇರಿಕೊಂಡರೆ ಮುಂದಿನ ಮೇಳದ ಹೊತ್ತಿಗೆ ಇಡೀ ಗೋಡೆ ನಿರುಪಯುಕ್ತ. ಗೋಡೆಯ ಮೇಲೆ ಕಂಪನಿಯ ಹೆಸರು ಮತ್ತು ಬಣ್ಣ ಮಾತ್ರ ಇರಲಿ; ಬದಲಾಗುವ ಮಾತುಗಳು ಪ್ರತ್ಯೇಕವಾಗಿ ಸಿಕ್ಕಿಸುವ ಚಿಕ್ಕ ಪಟ್ಟಿಗಳಲ್ಲಿ ಬರಲಿ.

ನೆಲಹಾಸು ಇನ್ನೊಂದು ನಷ್ಟದ ಬಾಬತ್ತು. ಪಾಲಿಪ್ರೊಪಿಲೀನ್ ಕಾರ್ಪೆಟ್ಟನ್ನು ನೆಲಕ್ಕೆ ಅಂಟುಪಟ್ಟಿಯಿಂದ ಮೆತ್ತಿ, ಮೂರು ನಾಲ್ಕು ದಿನ ತುಳಿದು, ಕಿತ್ತು ಸುತ್ತಿ ಎಸೆಯುತ್ತಾರೆ. ಒಂದಕ್ಕೊಂದು ಕೂಡಿಸುವ ಚೌಕ ಬಿಲ್ಲೆಗಳಿದ್ದರೆ ಕಲೆಯಾದವನ್ನಷ್ಟೇ ಬದಲಿಸಬಹುದು. ಸಭಾಂಗಣದ ನೆಲ ಸಮನಾಗಿ, ಚೊಕ್ಕಟವಾಗಿ ಇದ್ದರೆ ಏನನ್ನೂ ಹಾಸದಿರುವುದೂ ಒಂದು ವಿನ್ಯಾಸವೇ.

ವಸ್ತುವನ್ನು ಆರಿಸುವಾಗ ಅಗ್ನಿಸುರಕ್ಷೆಯ ನಿಯಮವನ್ನು ಮರೆಯುವಂತಿಲ್ಲ. ಜೇನುಗೂಡಿನ ರಚನೆಯ ರಟ್ಟಿನ ಹಲಗೆ ಹಗುರ, ಗಟ್ಟಿ, ಮೋಡಿಯ ವಸ್ತು; ಆದರೆ ಬೆಂಕಿ ತಡೆಯುವ ಲೇಪನ ಮತ್ತು ಅದರ ಪ್ರಮಾಣಪತ್ರವಿಲ್ಲದೆ ಹೋದರೆ ಅಗ್ನಿಸುರಕ್ಷಾ ಪರಿಶೀಲಕರು ಅದನ್ನು ಬಾಗಿಲಲ್ಲೇ ತಡೆಯಬಹುದು. ಆಗ ರಾತ್ರೋರಾತ್ರಿ ಸಿಕ್ಕಿದ್ದರಲ್ಲಿ ಗೋಡೆ ಎಬ್ಬಿಸಬೇಕಾಗಿ ಬಂದು, ಹಾನಿ ಎರಡು ಪಟ್ಟಾಗುತ್ತದೆ.

ಬೆಳಕಿನ ಲೆಕ್ಕ ಸುಲಭ. ದಿನಕ್ಕೆ ಎಂಟು ಗಂಟೆಯಂತೆ ನಾಲ್ಕು ದಿನದ ಮೇಳದಲ್ಲಿ 50 ವ್ಯಾಟಿನ ಇಪ್ಪತ್ತು ಹ್ಯಾಲೊಜೆನ್ ದೀಪಗಳು 32 ಯೂನಿಟ್ ಸುಡುತ್ತವೆ. 7 ವ್ಯಾಟಿನ ಇಪ್ಪತ್ತು ಎಲ್‌ಇಡಿಗಳಿಗೆ ನಾಲ್ಕೂವರೆ ಯೂನಿಟ್ ಸಾಕು. ಹ್ಯಾಲೊಜೆನ್ ಹೊಮ್ಮಿಸುವ ಶಾಖವನ್ನು ಹೊರದೂಡುವ ಹವಾನಿಯಂತ್ರಣದ ಖರ್ಚು ಬೇರೆ.

ಸಾಗಣೆಯ ಮಾತು ಮಾತ್ರ ಅಷ್ಟು ಸುಲಭದ್ದಲ್ಲ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ಹಡಗಿಗೆ ಹೋಲಿಸಿದರೆ ವಿಮಾನ ಹತ್ತಾರು ಪಟ್ಟು ಹೆಚ್ಚು ಇಂಗಾಲ ಹೊರಸೂಸುತ್ತದೆ. ವಿಮಾನದ ಮೊರೆ ಹೋಗುವುದು ಅಗತ್ಯಕ್ಕಿಂತ ಹೆಚ್ಚಾಗಿ ತಡವಾದ ನಿರ್ಧಾರದಿಂದ. ಒಪ್ಪಿಗೆಯ ಸಹಿ ಮೂರು ವಾರ ಮೇಜಿನ ಮೇಲೆ ಕೂತರೆ ಮಳಿಗೆ ಹಡಗು ತಪ್ಪಿಸಿಕೊಂಡು ವಿಮಾನ ಹತ್ತುತ್ತದೆ. ದೂರದ ಮೇಳವಾದರೆ ಚೌಕಟ್ಟನ್ನು ಅಲ್ಲಿಯೇ ಬಾಡಿಗೆಗೆ ಪಡೆದು, ಬಟ್ಟೆಯ ಚಿತ್ರಗಳನ್ನು ಮಾತ್ರ ಇಲ್ಲಿಂದ ಕಳಿಸುವುದು ಮೇಲು.

ನಿಯಮಗಳ ಕಡೆಯಿಂದಲೂ ಒತ್ತಡ ಬರುತ್ತಿದೆ. ಕಾರ್ಯಕ್ರಮಗಳ ಸುಸ್ಥಿರ ನಿರ್ವಹಣೆಗೆಂದು ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲೇ ಐಎಸ್ಒ 20121 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. 2024ರಲ್ಲಿ ಅದರ ಪರಿಷ್ಕೃತ ಆವೃತ್ತಿ ಹೊರಬಿದ್ದಿತು. ಅದು ಯಾವ ಹಲಗೆ ಬಳಸಬೇಕೆಂದು ಹೇಳುವುದಿಲ್ಲ. ಯಾರು ಹೊಣೆ, ಏನನ್ನು ಅಳೆಯುತ್ತೀರಿ, ಅಳೆದದ್ದನ್ನು ಹೇಗೆ ಸುಧಾರಿಸುತ್ತೀರಿ ಎಂದು ಕೇಳುತ್ತದೆ. 2021ರ ಗ್ಲಾಸ್ಗೋ ಹವಾಮಾನ ಸಮಾವೇಶದ ಸಂದರ್ಭದಲ್ಲಿ ಮೇಳಗಳ ಉದ್ಯಮವೇ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವ ‘ನೆಟ್ ಝೀರೋ ಕಾರ್ಬನ್ ಇವೆಂಟ್ಸ್’ ಎಂಬ ಸಂಕಲ್ಪವನ್ನು ಪ್ರಕಟಿಸಿತು. ಇವೆಲ್ಲ ಒಳ್ಳೆಯವೇ. ಆದರೆ ಗುತ್ತಿಗೆದಾರರೊಂದಿಗಿನ ಕರಾರಿನಲ್ಲಿ ಬಿಚ್ಚುವ ಕೆಲಸಕ್ಕೆ ಪ್ರತ್ಯೇಕ ಹಣ, ಪ್ರತ್ಯೇಕ ಸಮಯ ಬರೆಯದಿದ್ದರೆ ಪ್ರಮಾಣಪತ್ರ ಗೋಡೆಯ ಮೇಲೆ, ಗೋಡೆ ಕಸದ ಲಾರಿಯಲ್ಲಿ.

ಕೊನೆಯದಾಗಿ, ವರ್ಷಕ್ಕೆ ಒಂದೇ ಮೇಳಕ್ಕೆ ಹೋಗುವ ಸಣ್ಣ ಕಂಪನಿಗಳ ಪ್ರಶ್ನೆ. ಅವರು ಸ್ವಂತ ಮಳಿಗೆ ಮಾಡಿಸಿದರೆ ಅದು ವರ್ಷದ ಬಹುಪಾಲು ಗೋದಾಮಿನಲ್ಲಿ ತೇವಕ್ಕೆ ಊದಿಕೊಳ್ಳುತ್ತ ಬಿದ್ದಿರುತ್ತದೆ. ಆಯೋಜಕರೇ ಕೊಡುವ ಮೂರು ಮೀಟರ್ ಚೌಕದ ಸಿದ್ಧ ಮಳಿಗೆಯನ್ನು ಬೇಸರದ್ದೆಂದು ಜರೆಯುವವರಿದ್ದಾರೆ. ಆದರೆ ಆ ಕಂಬಗಳು ನೂರಾರು ಮೇಳಗಳನ್ನು ಕಂಡಿರುತ್ತವೆ. ಅದರ ಒಳಗೆ ನಿಮ್ಮದೆನ್ನಲು ಒಂದು ಒಳ್ಳೆಯ ಬಟ್ಟೆಯ ಗೋಡೆ, ಸ್ಕ್ರೂ ತಲೆಗಳು ಎದ್ದು ಕಾಣುವ ಒಂದು ಕೌಂಟರು, ನಾಲ್ಕು ದೀಪಗಳಿದ್ದರೆ ಸಾಕು. ಮೇಳ ಮುಗಿದ ಸಂಜೆ ಇಬ್ಬರು ಒಂದು ಗಂಟೆಯಲ್ಲಿ ಬಿಚ್ಚಿ, ಸಂಖ್ಯೆ ನೋಡಿ ಪೆಟ್ಟಿಗೆಗೆ ತುಂಬಿ, ಕಾರಿನ ಹಿಂಬದಿಗೆ ಏರಿಸಿ ಹೊರಡಬಹುದು.