ಮೂವತ್ತು ಡಾಲರಿನ ಬರ್ಗರ್: ಆ ದುಡ್ಡು ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮೈಸೂರಿನಿಂದ ಬಂದಿದ್ದ ಗೆಳೆಯನನ್ನು ಇಲ್ಲೇ ನ್ಯೂಯಾರ್ಕಿನಲ್ಲಿ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ರೆಸ್ಟೋರೆಂಟಿನ ಹೆಸರು ಬೇಡ. ಒಂದು ಬರ್ಗರಿಗೆ 34 ಡಾಲರ್. ಅದರ ಮೇಲೆ 8.875 ಶೇಕಡಾ ತೆರಿಗೆ, 20 ಶೇಕಡಾ ಟಿಪ್ಸ್. ಹತ್ತಿರ ಹತ್ತಿರ 44 ಡಾಲರ್ ಆಯಿತು.

ಬಂದ ಬರ್ಗರ್ ಒಂದು ಗೇಣು ಎತ್ತರ ಇತ್ತು. ನಡುವೆ ಚಾಕು ಚುಚ್ಚಿದ್ದರು, ಮೇಲೆ ಚಿನ್ನದ ರೇಕು ಅಂಟಿಸಿದ್ದರು. ಬಾಯಿ ಎಷ್ಟು ತೆಗೆದರೂ ಹಿಡಿಸಲಿಲ್ಲ. ಕೊನೆಗೆ ಬಿಡಿಸಿ, ಫೋರ್ಕಿನಲ್ಲಿ ತಿಂದೆವು. ಮಾಂಸ ಒಣಗಿತ್ತು. ಬನ್ನಿನ ತಳ ನೆನೆದು ಹರಿದುಹೋಗಿತ್ತು. ಗೆಳೆಯ ಪಾಪ, "ಚೆನ್ನಾಗಿದೆ ಮಾರಾಯ" ಅಂದ. ನನಗೆ ನಿಜಕ್ಕೂ ಬೇಸರವಾಯಿತು. ಅವತ್ತಿನಿಂದ ಈ ಮಾತು ತಲೆಯಲ್ಲಿ ಕೊರೆಯುತ್ತಿದೆ.

ದುಬಾರಿ ಬರ್ಗರ್ ತಿನ್ನಬಾರದು ಅಂತ ನಾನು ಹೇಳುತ್ತಿಲ್ಲ. ನಾನೂ ತಿನ್ನುತ್ತೇನೆ, ಖುಷಿಯಿಂದಲೇ ತಿನ್ನುತ್ತೇನೆ. ಆದರೆ ಕೊಟ್ಟ ದುಡ್ಡು ಪ್ಯಾಟಿಯಲ್ಲಿ, ಅಂದರೆ ಬನ್ನಿನ ನಡುವೆ ಇಡುವ ಬಿಲ್ಲೆಯಲ್ಲಿ, ಬನ್ನಿನಲ್ಲಿ, ಅಡುಗೆಯವರ ಕೈಯಲ್ಲಿ ಕಾಣಬೇಕು. ತಟ್ಟೆಯ ಅಲಂಕಾರದಲ್ಲಿ ಅಲ್ಲ.

"ಬರ್ಗರಿಗೆ ಇಷ್ಟೊಂದಾ?" ಅಂತ ಜನ ಕೇಳುವುದಕ್ಕೂ ಕಾರಣ ಇದೆ. 1921ರಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ ವೈಟ್ ಕ್ಯಾಸಲ್ ಎಂಬ ಬರ್ಗರ್ ಅಂಗಡಿ ಶುರುವಾದಾಗ ಒಂದು ಬರ್ಗರಿಗೆ 5 ಸೆಂಟ್. 1948ರಲ್ಲಿ ಮೆಕ್‌ಡೊನಾಲ್ಡ್ ಸಹೋದರರು ಮಾರಿದ್ದು 15 ಸೆಂಟಿಗೆ. ಕೆಲಸದಿಂದ ಸುಸ್ತಾಗಿ ಬಂದವರು ಚಿಲ್ಲರೆ ಕೊಟ್ಟು ಹೊಟ್ಟೆ ತುಂಬಿಸಿಕೊಳ್ಳುವ ತಿಂಡಿ ಅದು. ಆ ನೆನಪು ಅಮೆರಿಕದವರ ಮನಸ್ಸಿನಿಂದ ಇನ್ನೂ ಹೋಗಿಲ್ಲ.

2001ರಲ್ಲಿ ಡೇನಿಯಲ್ ಬುಲೂ ಎಂಬ ಫ್ರೆಂಚ್ ಬಾಣಸಿಗರು ನ್ಯೂಯಾರ್ಕಿನ ತಮ್ಮ ಡಿಬಿ ಬಿಸ್ಟ್ರೋ ಎಂಬ ರೆಸ್ಟೋರೆಂಟಿನಲ್ಲಿ ಒಂದು ಬರ್ಗರ್ ಮಾಡಿದರು. ಅದರ ಬೆಲೆ ನೋಡಿ ಊರೆಲ್ಲ ಮಾತಾಡಿತು. ಆದರೆ ಒಳಗೆ ಏನಿತ್ತು ನೋಡಿ. ಪಕ್ಕೆಲುಬಿನ ಮಾಂಸವನ್ನು ಕೆಂಪು ವೈನಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಅದರ ಜೊತೆಗೆ ಫ್ವಾ ಗ್ರಾ, ಅಂದರೆ ಕೊಬ್ಬಿಸಿದ ಬಾತುಕೋಳಿಯ ಲಿವರ್, ಮತ್ತೆ ಕಪ್ಪು ಟ್ರಫಲ್ ಅಣಬೆ ಇಟ್ಟು, ನಮ್ಮ ಹೋಳಿಗೆಗೆ ಹೂರಣ ತುಂಬುವ ಹಾಗೆ ಹೊಸ ಕೈಮಾದೊಳಗೆ ತುಂಬಬೇಕು. ಸುಮ್ನೆ ಆಗುವ ಕೆಲಸವಾ ಅದು? ಆ ಬೆಲೆಯಲ್ಲಿ ಕೂಲಿಯೂ ಇದೆ, ಕಾಯುವಿಕೆಯೂ ಇದೆ. ಅದನ್ನು ಕೊಡುವುದು ನ್ಯಾಯ ಅನ್ನಿಸುತ್ತದೆ ನನಗೆ.

2009ರಲ್ಲಿ ನ್ಯೂಯಾರ್ಕಿನದೇ ಮಿನೆಟ್ಟಾ ಟ್ಯಾವರ್ನ್ ಎಂಬ ರೆಸ್ಟೋರೆಂಟ್ 26 ಡಾಲರಿಗೆ ಬ್ಲ್ಯಾಕ್ ಲೇಬಲ್ ಬರ್ಗರ್ ತಂದಿತು. ಅದು ಇನ್ನೂ ಸರಳ. ಮಾಂಸ, ಬೇಯಿಸಿದ ಈರುಳ್ಳಿ, ಬನ್ನು, ಅಷ್ಟೇ. ದುಡ್ಡೆಲ್ಲ ಮಾಂಸದ್ದು. ದೊಡ್ಡ ತುಂಡುಗಳನ್ನು ತಣ್ಣನೆಯ ಕೋಣೆಯಲ್ಲಿ ವಾರಗಟ್ಟಲೆ ಒಣಗಲು ಇಡುತ್ತಾರೆ. ನೀರು ಆರಿ ತೂಕ ಕಡಿಮೆಯಾಗುತ್ತದೆ. ಹೊರಗಿನ ಗಟ್ಟಿ ಪದರವನ್ನು ಕತ್ತರಿಸಿ ಎಸೆಯಬೇಕು. ಉಳಿದದ್ದು ಸ್ವಲ್ಪ, ಆದರೆ ರುಚಿ ಗಾಢ. ನೀವು ನಷ್ಟವಾದ ಆ ತೂಕಕ್ಕೂ ದುಡ್ಡು ಕೊಡುತ್ತಿದ್ದೀರಿ, ತಿಂದಾಗ ಅದು ನಾಲಗೆಗೆ ಗೊತ್ತಾಗುತ್ತದೆ.

ನನಗೆ ಕೋಪ ಬರುವುದು ವಾಗ್ಯು, ಕೋಬೆ ಅಂತ ಹೆಸರು ಹಾಕಿ ಬೆಲೆ ಏರಿಸುವುದನ್ನು ಕಂಡಾಗ. ವಾಗ್ಯು ಅಂದರೆ ಜಪಾನಿನ ದನದ ತಳಿಗಳ ಮಾಂಸ, ಕೋಬೆ ಅದರಲ್ಲೇ ಹೆಸರಾದ ಒಂದು ಬಗೆ. ವಾಗ್ಯು ಮಾಂಸ ದುಬಾರಿ ಯಾಕೆ? ಇಡೀ ತುಂಡಿನ ಎಳೆ ಎಳೆಯಲ್ಲೂ ಕೊಬ್ಬು ಸಣ್ಣ ಗೆರೆಗಳಾಗಿ ಹರಡಿರುತ್ತದೆ, ಅದಕ್ಕೆ. ಅದನ್ನು ಯಂತ್ರಕ್ಕೆ ಹಾಕಿ ಕೈಮಾ ಮಾಡಿದರೆ ಆ ಗೆರೆ ಎಲ್ಲಿ ಉಳಿಯಿತು? ಯಾವ ಮಾಂಸಕ್ಕಾದರೂ ಐದರಲ್ಲಿ ಒಂದು ಪಾಲು ಕೊಬ್ಬು ಸೇರಿಸಿದರೆ ಒಳ್ಳೆಯ ಪ್ಯಾಟಿ ಆಗುತ್ತದೆ. ಇನ್ನು ಕೋಬೆ. ಜಪಾನಿನ ನಿಜವಾದ ಕೋಬೆ ಮಾಂಸ ಹೊರದೇಶಕ್ಕೆ ರಫ್ತಾಗಲು ಶುರುವಾದದ್ದೇ 2012ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಅಮೆರಿಕದ ಮೆನುಗಳಲ್ಲಿ "ಕೋಬೆ ಬರ್ಗರ್" ಇತ್ತು! ಜನ ದುಡ್ಡು ಕೊಟ್ಟದ್ದು ಬರೀ ಹೆಸರಿಗೆ.

ಲಾಸ್ ವೇಗಸ್‌ನಲ್ಲಿ 5000 ಡಾಲರಿನ ಬರ್ಗರ್ ಇತ್ತು, ಕೇಳಿರಬಹುದು. ಅದರ ಜೊತೆಗೆ ಪೆಟ್ರೂಸ್ ಎಂಬ ಬಲು ದುಬಾರಿ ವೈನಿನ ಬಾಟಲಿ ಕೊಡುತ್ತಿದ್ದರು. ಆ ಲೆಕ್ಕ ವೈನಿನದು, ಅದನ್ನು ಬಿಡೋಣ.

ಮಾಂಸ ತಿನ್ನದವರಿಗೂ ಇದೇ ಮಾತು. ಬ್ರೂಕ್ಸ್ ಹೆಡ್ಲಿ ಎಂಬುವರು ದೊಡ್ಡ ರೆಸ್ಟೋರೆಂಟಿನಲ್ಲಿ ಸಿಹಿತಿಂಡಿ ಮಾಡುತ್ತಿದ್ದವರು. 2015ರಲ್ಲಿ ನ್ಯೂಯಾರ್ಕಿನ ಈಸ್ಟ್ ವಿಲೇಜಿನಲ್ಲಿ ಒಂದು ಪುಟ್ಟ ಸಸ್ಯಾಹಾರಿ ಅಂಗಡಿ ತೆರೆದರು, ಸುಪೀರಿಯಾರಿಟಿ ಬರ್ಗರ್ ಅಂತ. ಬರ್ಗರ್ ಕೈಯಲ್ಲಿ ಹಿಡಿಯುವಷ್ಟೇ ಇತ್ತು, ಬೆಲೆ ಕಡಿಮೆ, ಆದರೂ ಬಾಗಿಲಲ್ಲಿ ಸಾಲು. ದೊಡ್ಡ ಅಡುಗೆಮನೆಯ ಕಸುಬನ್ನು ಕಡಿಮೆ ಬೆಲೆಗೂ ಕೊಡಬಹುದು ಅಂತ ಅವರು ತೋರಿಸಿದರು, ಅಲ್ವಾ?

ನಮ್ಮ ಅಪ್ಪ ಮಟನ್ ಅಂಗಡಿಯಲ್ಲಿ ಮೊದಲೇ ಕೊಚ್ಚಿಟ್ಟ ಕೈಮಾ ಯಾವತ್ತೂ ತೆಗೆದುಕೊಳ್ಳುತ್ತಿರಲಿಲ್ಲ. ತುಂಡು ತಾವೇ ಆರಿಸಿ, ಕಣ್ಣೆದುರಿಗೇ ಕೊಚ್ಚಿಸುತ್ತಿದ್ದರು. ಅಂಗಡಿಯವರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಈಗ ನಾನು ದುಬಾರಿ ಬರ್ಗರ್ ಆರ್ಡರ್ ಮಾಡುವ ಮುಂಚೆ ಅದನ್ನೇ ಕೇಳುತ್ತೇನೆ. ಮಾಂಸದ ಯಾವ ಭಾಗ? ಇವತ್ತು ಇಲ್ಲೇ ರುಬ್ಬಿದ್ದಾ? ಮೊನ್ನೆ ಒಂದು ಕಡೆ ಹೀಗೆ ಕೇಳಿದಾಗ ವೇಟರ್ ಒಳಗೆ ಹೋಗಿ ಅಡುಗೆಯವರನ್ನೇ ಕರೆತಂದ. ಆತ ಕೈ ಒರೆಸಿಕೊಳ್ಳುತ್ತಾ ಬಂದು ಐದು ನಿಮಿಷ ನಿಂತು ವಿವರಿಸಿದರು. ಅಲ್ಲಿ 28 ಡಾಲರ್ ಕೊಟ್ಟೆ. ಮುಂದಿನ ಸಲ ಗೆಳೆಯ ಬಂದಾಗ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.