ಕಪ್ಪು ಕನ್ನಡಕದ ಜನರಲ್

ಎಲ್ಲರಿಗೂ ನಮಸ್ಕಾರ.

ಪೋಲೆಂಡಿನ ಜನರಲ್ ವೊಯ್ಚೆಖ್ ಯರುಜೆಲ್‌ಸ್ಕಿ ಎಂದರೆ ಹಿರಿಯರಿಗೆ ಥಟ್ಟನೆ ನೆನಪಾಗುವುದು ಆ ಕಪ್ಪು ಕನ್ನಡಕ. ಸರ್ವಾಧಿಕಾರಿಯ ಠೀವಿಗೆ ಹಾಕಿಕೊಂಡದ್ದು ಎಂದೇ ನಾನೂ ತಿಳಿದಿದ್ದೆ. ಅದರ ಕಥೆ ಬೇರೆ.

ಅವರು ಹುಟ್ಟಿದ್ದು 1923ರಲ್ಲಿ, ಜಮೀನ್ದಾರಿ ಮನೆತನದಲ್ಲಿ. ಓದಿದ್ದು ವಾರ್ಸಾದ ಪಾದ್ರಿಗಳ ಶಾಲೆಯಲ್ಲಿ. ಅಜ್ಜ 1863ರಲ್ಲಿ ರಷ್ಯದ ಚಕ್ರವರ್ತಿ ಝಾರ್ ವಿರುದ್ಧದ ದಂಗೆಗೆ ಸೇರಿ ಸೈಬೀರಿಯಕ್ಕೆ ಗಡೀಪಾರಾದವರು. ಅಪ್ಪ 1920ರಲ್ಲಿ ರಷ್ಯದ ಕಮ್ಯುನಿಸ್ಟರಾದ ಬೊಲ್ಶೆವಿಕರ ವಿರುದ್ಧ ಹೋರಾಡಿದವರು. 1939ರಲ್ಲಿ ಯುದ್ಧ ಶುರುವಾದಾಗ ಈ ಕುಟುಂಬ ಲಿಥುವೇನಿಯಕ್ಕೆ ಓಡಿತು. 1941ರಲ್ಲಿ ಸೋವಿಯತ್ತರು ಅಲ್ಲಿಂದಲೂ ಹಿಡಿದು ಸೈಬೀರಿಯಕ್ಕೆ ಸಾಗಿಸಿದರು. ಹದಿನೆಂಟರ ಹುಡುಗ ಕಾಡಿನಲ್ಲಿ ಮರ ಕಡಿದ. ಹಿಮದ ಮೇಲೆ ಬಿದ್ದ ಬಿಸಿಲಿನ ಝಳಪು ಕಣ್ಣನ್ನು ಕೆಡಿಸಿತು. ಕನ್ನಡಕ ಬಂದದ್ದು ಹಾಗೆ. ಮರುವರ್ಷ ಅಪ್ಪ ಅಲ್ಲೇ ತೀರಿಕೊಂಡರು.

ಅಂಥ ಮನೆಯ ಮಗ ಮಾಸ್ಕೋದ ನಂಬಿಗಸ್ಥ ಸೇನಾನಿಯಾದದ್ದು ಹೇಗೆ? ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು. 1943ರಲ್ಲಿ ಊರಿನ ದಾರಿ ಹಿಡಿಯಲು ಅವರಿಗೆ ಸಿಕ್ಕಿದ್ದು ಸೋವಿಯತ್ತರು ಕಟ್ಟಿದ ಪೋಲಿಷ್ ಸೇನೆ. ಸೇರಿದರು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ 1968ರಲ್ಲಿ ರಕ್ಷಣಾ ಸಚಿವರಾದರು. 1970ರ ಡಿಸೆಂಬರಿನಲ್ಲಿ ಬಾಲ್ಟಿಕ್ ಕರಾವಳಿಯ ಕಾರ್ಮಿಕರ ಮೇಲೆ ಸೇನೆ ಗುಂಡು ಹಾರಿಸಿದಾಗ ಆ ಖಾತೆ ಅವರದ್ದೇ.

ಇನ್ನು 1981ರ ಡಿಸೆಂಬರ್ 13. ಭಾನುವಾರ ಬೆಳಿಗ್ಗೆ ಮಕ್ಕಳು ತಮ್ಮ ಕಾರ್ಯಕ್ರಮಕ್ಕೆಂದು ಟಿವಿ ಹಾಕಿದರೆ ಅದು ಬರಲಿಲ್ಲ. ಫೋನ್ ಎತ್ತಿದರೆ ಸದ್ದಿಲ್ಲ. ತೆರೆಯ ಮೇಲೆ ಬಂದದ್ದು, ಆ ಹೊತ್ತಿಗೆ ಪ್ರಧಾನಿಯೂ ಆಳುವ ಕಮ್ಯುನಿಸ್ಟ್ ಪಕ್ಷದ ಮುಖ್ಯಸ್ಥರೂ ಆಗಿದ್ದ, ಸಮವಸ್ತ್ರದ ಯರುಜೆಲ್‌ಸ್ಕಿ: ದೇಶದಲ್ಲಿ ಸೇನಾಡಳಿತ ಜಾರಿಯಾಗಿದೆ. ಸುಮಾರು ಒಂದು ಕೋಟಿ ಸದಸ್ಯರಿದ್ದ ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ನಾಯಕರನ್ನು ರಾತ್ರೋರಾತ್ರಿ ಮನೆಗಳಿಂದ ಎಳೆದೊಯ್ಯಲಾಗಿತ್ತು. ಮೂರು ದಿನದ ನಂತರ ವುಯೆಕ್ ಕಲ್ಲಿದ್ದಲು ಗಣಿಯಲ್ಲಿ ಪೊಲೀಸರ ಗುಂಡಿಗೆ ಒಂಬತ್ತು ಗಣಿಗಾರರು ಸತ್ತರು.

ಸೇನಾಡಳಿತ ಹೇರದಿದ್ದರೆ ಸೋವಿಯತ್ ಟ್ಯಾಂಕುಗಳು ಬರುತ್ತಿದ್ದವು ಎಂಬುದು ಸಾಯುವವರೆಗೂ ಅವರ ಸಮರ್ಥನೆ. ಆದರೆ ಆಮೇಲೆ ಹೊರಬಿದ್ದ ದಾಖಲೆ ನೋಡಿ. ಡಿಸೆಂಬರ್ 10ರಂದು ಸೋವಿಯತ್ ಪಕ್ಷದ ಉನ್ನತ ಸಮಿತಿಯಾದ ಮಾಸ್ಕೋದ ಪಾಲಿಟ್‌ಬ್ಯೂರೊ ಸಭೆಯಲ್ಲಿ ಗುಪ್ತಚರ ಸಂಸ್ಥೆ ಕೆಜಿಬಿಯ ಮುಖ್ಯಸ್ಥ ಆಂದ್ರೊಪೊವ್, ಪೋಲೆಂಡಿಗೆ ಸೇನೆ ಕಳಿಸುವ ಇರಾದೆ ತಮಗಿಲ್ಲ ಎಂದೇ ಹೇಳಿದ್ದರು. 1956ರಲ್ಲಿ ಹಂಗೆರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಕ್ಕೆ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದನ್ನು ಕಂಡವರಿಗೆ ಆ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೂ ಆ ಒಂಬತ್ತು ಸಾವುಗಳಿಗೆ ಅದು ಉತ್ತರವೆಂದು ನನಗೆ ಅನ್ನಿಸುವುದಿಲ್ಲ.

1985ರಲ್ಲಿ ರಾಷ್ಟ್ರದ ಮುಖ್ಯಸ್ಥರಾದರು. 1989ರಲ್ಲಿ ಅದೇ ಸಾಲಿಡಾರಿಟಿಯೊಂದಿಗೆ ದುಂಡುಮೇಜಿನ ಮಾತುಕತೆಗೆ ಒಪ್ಪಿದರು. ಈ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆ ಜುಲೈನಲ್ಲಿ ಸಂಸತ್ತು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಬೇಕಿದ್ದದ್ದು 269 ಮತ, ಬಿದ್ದದ್ದು 270! ಸಾಲಿಡಾರಿಟಿಯ ಕೆಲವು ಸಂಸದರು ಬೇಕೆಂದೇ ತಮ್ಮ ಮತ ಅಸಿಂಧು ಮಾಡಿಕೊಂಡದ್ದರಿಂದ ಗೆಲ್ಲಲು ಬೇಕಾದ ಮತ ತಗ್ಗಿ, ಅವರಿಗೆ ಗೆಲುವು ದಕ್ಕಿತು. ಪ್ರಧಾನಿಯಾಗಿ ಬಂದವರು ತದೇಉಷ್ ಮಜೊವಿಯೆತ್ಸ್ಕಿ, 1981ರಲ್ಲಿ ಇದೇ ಜನರಲ್ಲರ ಆಡಳಿತ ಸೆರೆಯಲ್ಲಿಟ್ಟಿದ್ದವರು. 1990ರ ಡಿಸೆಂಬರಿನಲ್ಲಿ ಯರುಜೆಲ್‌ಸ್ಕಿ ಕುರ್ಚಿ ಬಿಟ್ಟರು. ಅಲ್ಲಿ ಕೂತವರು ಸಾಲಿಡಾರಿಟಿಯ ನಾಯಕ ಲೆಕ್ ವಲೇಸಾ.

2014ರ ಮೇ 25ರಂದು ಯರುಜೆಲ್‌ಸ್ಕಿ ತೀರಿಕೊಂಡಾಗ ಚರ್ಚಿನ ಪ್ರಾರ್ಥನೆಗೆ ವಲೇಸಾ ಬಂದಿದ್ದರು. ಸ್ಮಶಾನದಲ್ಲಿ ಮಾತ್ರ ಜನ ಸಿಳ್ಳೆ ಹೊಡೆದು ಧಿಕ್ಕಾರ ಕೂಗಿದರು. ಅದಕ್ಕೂ ಮುಂಚೆ ಎಷ್ಟೋ ವರ್ಷ, ಡಿಸೆಂಬರ್ 12ರ ರಾತ್ರಿ, ವಾರ್ಸಾದ ಅವರ ಮನೆಯೆದುರು ಜನ ಸೇರಿ ಸತ್ತವರಿಗಾಗಿ ಮೇಣದಬತ್ತಿ ಹಚ್ಚುತ್ತಿದ್ದರು.