ಪಾಸಾಗದ ಹಳೇ ಚೆಕ್ಕು ಸಂಘದ ಆದಾಯ ಅಲ್ಲ

ನಮಸ್ಕಾರ. ಕೋಲಾರದ ಕಡೆ ಸಂಘ, ಟ್ರಸ್ಟು, ಶಾಲೆ, ಸಣ್ಣ ಫ್ಯಾಕ್ಟರಿಗಳಲ್ಲಿ ಲೆಕ್ಕ ಬರೆಯುವವರಿಗೆ ಇವತ್ತು ಒಂದು ಮಾತು ಹೇಳಲೇಬೇಕು. ಮಾರ್ಚ್ 31 ಹತ್ತಿರ ಬಂದಾಗ ಬಿ.ಆರ್.ಎಸ್. (ನಮ್ಮ ಪುಸ್ತಕವನ್ನೂ ಬ್ಯಾಂಕಿನ ಲೆಕ್ಕವನ್ನೂ ತಾಳೆ ನೋಡುವ ಪಟ್ಟಿ) ತೆಗೆದರೆ ವರ್ಷಾನುಗಟ್ಟಲೆ ಕೂತಿರುವ ಚೆಕ್ಕುಗಳು ಕಾಣುತ್ತವೆ. ನಾವು ಕೊಟ್ಟಿದ್ದೇವೆ, ಬ್ಯಾಂಕಿನಲ್ಲಿ ಪಾಸಾಗಿಲ್ಲ. ಆಡಿಟರ್ ಕೇಳುತ್ತಾರೆ. ತಕ್ಷಣ ಯಾರೋ ಒಬ್ಬರು "ಎಲ್ಲಾ ಇತರೆ ಆದಾಯಕ್ಕೆ ಹಾಕಿ ಮುಗಿಸಿಬಿಡಿ" ಅನ್ನುತ್ತಾರೆ. ಇದು ತಪ್ಪು. ಆ ದುಡ್ಡು ನಮ್ಮದಲ್ಲ.

ಚೆಕ್ಕಿಗೆ ಆಯಸ್ಸು ಮೂರು ತಿಂಗಳು. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಇಳಿಸಿತು. ಆದರೆ ಚೆಕ್ಕಿನ ಅವಧಿ ಮುಗಿದರೂ ಬಾಕಿ ಹಾಗೇ ಇರುತ್ತದೆ. ಮೂರು ವರ್ಷ ಕಳೆಯಿತಲ್ಲ ಅಂತ ಕೆಲವರು ಲಿಮಿಟೇಶನ್ ಕಾಯ್ದೆ ತೋರಿಸುತ್ತಾರೆ. ಅದು ಕೋರ್ಟಿಗೆ ಹೋಗುವ ಗಡುವು ಅಷ್ಟೇ, ಬಾಕಿ ಅಳಿಸಿಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟು ಸುಗೌಲಿ ಶುಗರ್ ವರ್ಕ್ಸ್ ಕೇಸಿನಲ್ಲೇ ಹೇಳಿದೆ. ಕಾರ್ಮಿಕರಿಗೆ ಕೊಡದೆ ಉಳಿದ ಕೂಲಿಯಾದರೆ, ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ ಪ್ರಕಾರ ಅದು ಕೊನೆಗೆ ಕಾರ್ಮಿಕ ಕಲ್ಯಾಣ ಮಂಡಳಿಗೆ ಹೋಗಬೇಕು. ಮಾಲೀಕರ ಲಾಭಕ್ಕಲ್ಲ.

ಯಾಕೆ ಬ್ಯಾಂಕಿಗೆ ಹಾಕಿಲ್ಲ ಅಂತ ಯಾರಾದರೂ ಕೇಳುತ್ತಾರಾ? ಚೆಕ್ಕಿನ ಮೇಲೆ ಮುನಿವೆಂಕಟಪ್ಪ ಅಂತಿರುತ್ತದೆ, ಪಾಸ್‌ಬುಕ್ಕಿನಲ್ಲಿ ವೆಂಕಟಪ್ಪ ಎಂ. ಅಂತಿರುತ್ತದೆ, ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ, ಅವರು ಮತ್ತೆ ಬರುವುದೇ ಇಲ್ಲ. ಮುಳಬಾಗಿಲಿನ ಆಚೆ ಹಳ್ಳಿಯಿಂದ ಬ್ಯಾಂಕಿಗೆ ಬಂದು ಹೋಗಲು ಒಂದು ದಿನದ ಕೂಲಿ ಬಿಡಬೇಕು, ಚೆಕ್ಕು ನೋಡಿದರೆ ಮುನ್ನೂರು ರೂಪಾಯಿ. ಚೆಕ್ಕು ತಗೊಂಡವರು ತೀರಿಹೋಗಿರಬಹುದು, ಮನೆಯವರಿಗೆ ಅದು ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಇನ್ನು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿದ ಮೇಲೆ ಅದರ ಹಳೇ ಚೆಕ್ ಹಾಳೆಗಳೂ ನಡೆಯದಂತಾದವು. ಇದರಲ್ಲಿ ಜನರ ತಪ್ಪೇನಿದೆ ಹೇಳಿ?

ಹಾಗಾಗಿ ಸುಮ್ನೆ ಎಂಟ್ರಿ ಹೊಡೆಯಬೇಡಿ. ಮೊದಲು ಸ್ಟೇಟ್‌ಮೆಂಟ್ ನೋಡಿ. ಎಷ್ಟೋ ಸಲ ಅದೇ ಬಿಲ್ಲಿಗೆ ಆಮೇಲೆ ನೆಫ್ಟ್‌ನಲ್ಲಿ ನೇರ ಖಾತೆಗೆ ಹಣ ಹಾಕಿರುತ್ತಾರೆ, ಹಳೇ ಚೆಕ್ಕನ್ನು ಪುಸ್ತಕದಲ್ಲಿ ರದ್ದು ಮಾಡಿರುವುದಿಲ್ಲ. ಸಹಿ ಹಾಕಿದ ಚೆಕ್ಕು ಆಫೀಸಿನ ಬೀರುವಿನಲ್ಲೇ ಉಳಿದಿರುವುದೂ ಉಂಟು. ನಿಜವಾಗಿಯೂ ಬಾಕಿ ಇದ್ದರೆ ಫೋನ್ ಮಾಡಿ, ಕಾಗದ ಬರೆಯಿರಿ, ಹಳೇ ಚೆಕ್ಕಿಗೆ ಹಣ ಕೊಡಬೇಡಿ ಅಂತ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟು ಹೊಸದಾಗಿ ಹಣ ಕಳಿಸಿ. ಹಳೇ ಚೆಕ್ಕು ರದ್ದು ಮಾಡುವ ಎಂಟ್ರಿ ಇವತ್ತಿನ ತಾರೀಖಿಗೇ ಇರಲಿ, ಆಡಿಟ್ ಮುಗಿದ ವರ್ಷವನ್ನು ಮತ್ತೆ ಕೆದಕಬೇಡಿ. ಬ್ಯಾಂಕ್ ಡೆಬಿಟ್, ಪಾರ್ಟಿ ಖಾತೆ ಕ್ರೆಡಿಟ್. ಖರ್ಚು ಆಗಿದ್ದು ಆಗಿದ್ದೇ, ಅದನ್ನು ಮುಟ್ಟಬೇಡಿ. ಟಿಡಿಎಸ್ (ಹಣ ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಿದ್ದರೆ ಅದನ್ನೂ ಮುಟ್ಟಬೇಡಿ. ಆಳು ಸಿಗಲೇ ಇಲ್ಲವಾ, "ಪಾಸಾಗದ ಚೆಕ್ಕುಗಳ ಬಾಕಿ" ಅಂತ ಒಂದು ಖಾತೆ ತೆಗೆದು ಕೊಡಬೇಕಾದ ಬಾಕಿಗಳ ಕೆಳಗಿಡಿ. ಚೆಕ್ ನಂಬರ್, ತಾರೀಖು, ಹೆಸರು ಎಂಟ್ರಿಯ ಕೆಳಗಿನ ವಿವರಣೆಯಲ್ಲಿ (ನರೇಷನ್) ಬರೆಯಿರಿ. ಐದು ವರ್ಷ ಆದಮೇಲೆ ಮಗಳೋ ಮೊಮ್ಮಗನೋ ಬಂದು ಕೇಳಿದರೆ ತೋರಿಸಬೇಕಲ್ವಾ?

ಇದಕ್ಕೆ ಮಾರ್ಚ್‌ವರೆಗೆ ಕಾಯುವುದೂ ಬೇಡ. ಮೂರು ತಿಂಗಳಿಗೊಮ್ಮೆ ನೋಡಿದರೆ ಜನ ಇನ್ನೂ ಅದೇ ಊರಲ್ಲಿರುತ್ತಾರೆ, ಅದೇ ಫೋನ್ ನಂಬರ್ ಇರುತ್ತದೆ. ಸಂಘದ ಕಾರ್ಯದರ್ಶಿಗಳನ್ನು ನಾನು ಕೇಳಿಕೊಳ್ಳುವುದು ಇಷ್ಟು: ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಹೆಸರುಗಳನ್ನು ಗಟ್ಟಿಯಾಗಿ ಓದಿ. ಯಾರು ಎಲ್ಲಿದ್ದಾರೆ ಅಂತ ಊರಿನವರೇ ಹೇಳುತ್ತಾರೆ.